ಒಪ್ಪಿಕೊಂಡವನು ಮಾಡಿದವನೇ?

2025ರ ಎಪ್ರಿಲ್ ತಿಂಗಳಲ್ಲಿ ಮೈಸೂರಿನ ನ್ಯಾಯಾಲಯಕ್ಕೆ ಒಬ್ಬ ಮಹಿಳೆಯನ್ನು ಹಾಜರುಪಡಿಸಲಾಯಿತು. ಪೊಲೀಸರ ಕಾಗದಪತ್ರಗಳ ಪ್ರಕಾರ ಆಕೆ ಸತ್ತು ವರ್ಷಗಳೇ ಕಳೆದಿದ್ದವು. ಆಕೆಯನ್ನು ಕೊಂದ ಆರೋಪದಲ್ಲಿ ಗಂಡ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಹೊರಬಂದಿದ್ದ. ಆತ ಕೊಡಗಿನ ಕುಶಾಲನಗರದ ಕಡೆಯ ಬುಡಕಟ್ಟು ಸಮುದಾಯದ ಬಡ ಕಾರ್ಮಿಕ. ಹೆಂಡತಿ ಕಾಣೆಯಾಗಿದ್ದಾಳೆಂದು ಠಾಣೆಗೆ ಹೋಗಿ ದೂರು ಕೊಟ್ಟವನೂ ಅವನೇ. ಮುಂದೆ ಪಿರಿಯಾಪಟ್ಟಣ ತಾಲೂಕಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವನ ಹೆಂಡತಿಯದೇ ಎಂದಾಯಿತು. ಕೊಂದವನು ಅವನೇ ಎಂದೂ ಆಯಿತು. ಡಿಎನ್‌ಎ ವರದಿ ಹೊಂದಿಕೆಯಾಗಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. ಕೊನೆಗೆ ಮಡಿಕೇರಿಯ ಹೋಟೆಲೊಂದರಲ್ಲಿ ಆಕೆ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಈ ಸುದ್ದಿಯನ್ನು ಓದಿದವರೆಲ್ಲ ಪೊಲೀಸರನ್ನು ಬೈದರು. ಬೈಯಬೇಕಾದದ್ದೇ. ಆದರೆ ನನ್ನನ್ನು ಕಾಡಿದ್ದು ಬೇರೆಯೇ ಒಂದು ವಿಷಯ. ಇಲ್ಲಿ ‘ಸತ್ತವಳು’ ತಾನಾಗಿ ಎದ್ದು ಬಂದು ಸಾಕ್ಷಿ ಹೇಳಿದ್ದರಿಂದ ಸತ್ಯ ಹೊರಬಿತ್ತು. ಉಳಿದ ಕೊಲೆ ಪ್ರಕರಣಗಳಲ್ಲಿ ಸತ್ತವರು ಬರುವುದಿಲ್ಲ. ಅಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಒಂದು ಹೆಣ, ಕೆಲವು ವಸ್ತುಗಳು, ಕೆಲವರ ಮಾತು. ಆ ಮಾತುಗಳಲ್ಲಿ ಅತ್ಯಂತ ತೂಕದ್ದೆಂದು ನಾವು ಭಾವಿಸುವ ಮಾತು ಒಂದಿದೆ, ‘ನಾನೇ ಕೊಂದೆ’ ಎಂಬ ಆರೋಪಿಯ ಮಾತು. ಅದಕ್ಕೆ ನಾವು ಕೊಡುವ ತೂಕ ಎಲ್ಲಿಂದ ಬಂತು?

ನಮ್ಮ ಪತ್ರಿಕೆಗಳ ಅಪರಾಧ ಪುಟವನ್ನೊಮ್ಮೆ ನೋಡಿ. ‘ಪೊಲೀಸರು ತಮ್ಮದೇ ಭಾಷೆಯಲ್ಲಿ ವಿಚಾರಿಸಿದಾಗ ಆರೋಪಿ ಬಾಯಿ ಬಿಟ್ಟಿದ್ದಾನೆ’ ಎಂಬ ವಾಕ್ಯ ನಮಗೆಷ್ಟು ರೂಢಿಯಾಗಿದೆಯೆಂದರೆ, ಆ ಭಾಷೆ ಯಾವುದು, ಅದರ ವ್ಯಾಕರಣವೇನು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಂಬುತ್ತೇವೆ. ‘ತಪ್ಪೊಪ್ಪಿಕೊಂಡಿದ್ದಾನಂತೆ’ ಎಂದು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಒಬ್ಬರು ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ತನ್ನ ಕಾಲಿನ ಮೇಲೆ ತಾನೇ ಯಾರಾದರೂ ಕಲ್ಲು ಹಾಕಿಕೊಳ್ಳುತ್ತಾರೆಯೇ ಎಂಬುದು ನಮ್ಮ ತರ್ಕ. ನೇಣಿನ ಶಿಕ್ಷೆಯಿರುವ ಅಪರಾಧವನ್ನು ಮಾಡದವನು ಮಾಡಿದೆನೆಂದು ಏಕೆ ಹೇಳುತ್ತಾನೆ?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಬ್ಬ ವ್ಯಕ್ತಿಯಿದ್ದ. ಆದರೆ ಅವನನ್ನು 1950ರ ಮಾರ್ಚ್ 9ರಂದು ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅವನ ಹೆಸರು ತಿಮೊಥಿ ಎವಾನ್ಸ್. ವೇಲ್ಸ್‌ನ ಗಣಿ ಪ್ರದೇಶದಿಂದ ಬಂದ, ವ್ಯಾನ್ ಓಡಿಸುತ್ತಿದ್ದ, ಓದು ಬರಹ ಸರಿಯಾಗಿ ಬಾರದ ಇಪ್ಪತ್ತೈದರ ಯುವಕ. ಹೆಂಡತಿ ಬೆರಿಲ್, ಒಂದು ವರ್ಷ ದಾಟಿದ ಮಗಳು ಜೆರಾಲ್ಡಿನ್. ರಿಲಿಂಗ್ಟನ್ ಪ್ಲೇಸ್ ಎಂಬ ಬೀದಿಯ ಹತ್ತನೇ ನಂಬರಿನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದರು. ಕೆಳಗಿನ ಅಂತಸ್ತಿನಲ್ಲಿ ಜಾನ್ ಕ್ರಿಸ್ಟಿ ಎಂಬ ಮಧ್ಯವಯಸ್ಕ ತನ್ನ ಹೆಂಡತಿಯೊಂದಿಗೆ ಇದ್ದ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೀಸಲು ಪೊಲೀಸನಾಗಿ ದುಡಿದವನು.

1949ರ ನವೆಂಬರ್ 30ರಂದು ಎವಾನ್ಸ್ ವೇಲ್ಸ್‌ನ ಮರ್ಥರ್ ಟಿಡ್‌ವಿಲ್ ಪೊಲೀಸ್ ಠಾಣೆಗೆ ತಾನಾಗಿ ಹೋದ. ಯಾರೂ ಅವನನ್ನು ಹಿಡಿದಿರಲಿಲ್ಲ, ಹುಡುಕುತ್ತಲೂ ಇರಲಿಲ್ಲ. ಹೆಂಡತಿ ಗರ್ಭ ಇಳಿಸಲು ಏನನ್ನೋ ಕುಡಿದು ಸತ್ತಳು, ಆ ಔಷಧಿಯನ್ನು ಕೊಟ್ಟವನು ನಾನು, ಹೆಣವನ್ನು ಮನೆಯ ಮುಂದಿನ ಚರಂಡಿಗೆ ಇಳಿಸಿದೆ ಎಂದು ಹೇಳಿದ. ಲಂಡನ್ ಪೊಲೀಸರು ಹೋಗಿ ಚರಂಡಿಯ ಮುಚ್ಚಳ ತೆರೆದರು. ಅದನ್ನು ಎತ್ತಲು ಮೂವರು ಬೇಕಾದರು. ಒಳಗೆ ಏನೂ ಇರಲಿಲ್ಲ. ಇದನ್ನು ತಿಳಿಸಿದಾಗ ಎವಾನ್ಸ್ ಹೇಳಿಕೆ ಬದಲಿಸಿದ. ಗರ್ಭಪಾತ ಮಾಡಿಸುತ್ತೇನೆಂದು ಕ್ರಿಸ್ಟಿ ಮುಂದೆ ಬಂದ, ಅದರಲ್ಲಿ ಅವಳು ಸತ್ತಳು, ಹೆಣವನ್ನು ವಿಲೇವಾರಿ ಮಾಡುವುದು ನನಗೆ ಬಿಡು ಎಂದ, ಮಗುವನ್ನು ಸಾಕಲು ಯಾರಿಗೋ ಒಪ್ಪಿಸಿದ್ದೇನೆಂದೂ ಹೇಳಿದ. ಇದು ಎರಡನೆಯ ಹೇಳಿಕೆ.

ಡಿಸೆಂಬರ್ 2ರಂದು ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಎರಡು ಹೆಣಗಳು ಸಿಕ್ಕಿದವು. ಒಂದು ಹೆಂಡತಿಯದು, ಇನ್ನೊಂದು ಮಗುವಿನದು. ಇಬ್ಬರನ್ನೂ ಕತ್ತು ಬಿಗಿದು ಕೊಲ್ಲಲಾಗಿತ್ತು. ಮಗುವಿನ ಕೊರಳಲ್ಲಿ ಟೈ ಇನ್ನೂ ಹಾಗೆಯೇ ಇತ್ತು. ಎವಾನ್ಸ್‌ನನ್ನು ಲಂಡನ್ನಿಗೆ ಕರೆತಂದು, ಇಬ್ಬರ ಬಟ್ಟೆಗಳನ್ನೂ ಆ ಟೈಯನ್ನೂ ಮುಂದಿಟ್ಟರು. ಹೆಣಗಳು ಎಲ್ಲಿ ಸಿಕ್ಕವು ಎಂಬುದನ್ನೂ, ಇಬ್ಬರೂ ಕತ್ತು ಬಿಗಿಸಿಕೊಂಡು ಸತ್ತಿದ್ದಾರೆಂಬುದನ್ನೂ ಆಗ ಇನ್‌ಸ್ಪೆಕ್ಟರರೇ ತನಗೆ ಹೇಳಿದರೆಂದು ಅವನು ಮುಂದೆ ನ್ಯಾಯಾಲಯದಲ್ಲಿ ಹೇಳಿದ. ಪೊಲೀಸರು ಅದನ್ನು ಅಲ್ಲಗಳೆದರು. ಅಂತೂ ಅಂದು ರಾತ್ರಿ ಎವಾನ್ಸ್ ಎಲ್ಲವನ್ನೂ ಒಪ್ಪಿಕೊಂಡ. ಹೆಂಡತಿ ಸಾಲದ ಮೇಲೆ ಸಾಲ ಮಾಡುತ್ತಿದ್ದಳು, ಸಹಿಸಲಾರದೆ ಹಗ್ಗದಿಂದ ಬಿಗಿದು ಕೊಂದೆ, ಆಮೇಲೆ ಮಗುವನ್ನು ನನ್ನ ಟೈಯಿಂದ ಕೊಂದೆ. ಹೆಣಗಳ ಜಾಗ ಸರಿಯಾಗಿತ್ತು, ಕೊಂದ ರೀತಿ ಸರಿಯಾಗಿತ್ತು, ಎಲ್ಲವೂ ಸರಿಯಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ತಾನಾಗಿ ಠಾಣೆಗೆ ಬಂದು ಸ್ವತಂತ್ರವಾಗಿ ಮಾತನಾಡಿದಾಗ ಅವನಿಗೆ ಹೆಣ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಮಗು ಸತ್ತಿದೆ ಎಂಬ ಮಾತೇ ಅವನ ಬಾಯಿಂದ ಬಂದಿರಲಿಲ್ಲ. ಪೊಲೀಸರಿಗೆ ಎಲ್ಲ ಗೊತ್ತಾದ ಮೇಲೆ ಅವನಿಗೂ ಎಲ್ಲ ಗೊತ್ತಾಯಿತು. ಕೊನೆಯ ಹೇಳಿಕೆ ಪೊಲೀಸರು ಕಂಡದ್ದರೊಂದಿಗೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು ನಿಜ. ಆದರೆ ಅದು ಹೊಸದಾಗಿ ಏನನ್ನು ತಂದುಕೊಟ್ಟಿತು? ಕನ್ನಡಿಯಲ್ಲಿ ಕಾಣುವ ಮುಖ ನಮ್ಮ ಮುಖಕ್ಕೆ ಹೊಂದಿಕೆಯಾಯಿತೆಂದು ಅದನ್ನು ಎರಡನೆಯ ಸಾಕ್ಷಿಯೆಂದು ಎಣಿಸುತ್ತೇವೆಯೇ?

1950ರ ಜನವರಿಯಲ್ಲಿ ನಡೆದ ವಿಚಾರಣೆ ಮೂರೇ ದಿನಗಳಲ್ಲಿ ಮುಗಿಯಿತು. ಮಗಳ ಕೊಲೆಯ ಆರೋಪದ ಮೇಲಷ್ಟೇ ಅವನನ್ನು ವಿಚಾರಿಸಲಾಯಿತು. ಅವನ ವಿರುದ್ಧದ ಮುಖ್ಯ ಸಾಕ್ಷಿ ಕೆಳಮನೆಯ ಕ್ರಿಸ್ಟಿ. ಎವಾನ್ಸ್ ಕಟಕಟೆಯಲ್ಲಿ ನಿಂತು, ಕೊಂದವನು ಕ್ರಿಸ್ಟಿ ಎಂದ. ಕ್ರಿಸ್ಟಿ ಏಕೆ ಕೊಲ್ಲಬೇಕು ಎಂದು ಸರಕಾರದ ವಕೀಲರು ಕೇಳಿದಾಗ ಅವನ ಬಳಿ ಉತ್ತರವಿರಲಿಲ್ಲ. ಮತ್ತೇಕೆ ಒಪ್ಪಿಕೊಂಡೆ ಎಂಬುದಕ್ಕೆ ಅವನು ಎರಡು ಕಾರಣ ಕೊಟ್ಟ. ಪೊಲೀಸರು ಕೆಳಗೆ ಕರೆದೊಯ್ದು ಹೊಡೆದಾರೆಂಬ ಭಯವಿತ್ತು ಎಂಬುದು ಒಂದು. ಇನ್ನೊಂದು ಕಾರಣ ಯಾರ ಎದೆಯನ್ನೂ ತಟ್ಟುವಂಥದ್ದು. ಮಗಳು ಸತ್ತಿದ್ದಾಳೆಂದು ತನಗೆ ತಿಳಿದದ್ದೇ ಆ ರಾತ್ರಿ, ಆಮೇಲೆ ತನಗೇನಾದರೂ ಚಿಂತೆಯಿಲ್ಲ ಅನಿಸಿತು ಎಂದ. ಜ್ಯೂರಿಯವರು ಒಂದು ಗಂಟೆಯೂ ತೆಗೆದುಕೊಳ್ಳದೆ ಅವನನ್ನು ಅಪರಾಧಿ ಎಂದರು.

ಆ ಜ್ಯೂರಿಯವರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ಎವಾನ್ಸ್ ಸುಳ್ಳುಗಾರನೆಂದು ಊರಿಗೆಲ್ಲ ಗೊತ್ತಿತ್ತು. ಹೆಂಡತಿ ಬ್ರೈಟನ್‌ಗೆ ಹೋಗಿದ್ದಾಳೆಂದು ಬಂಧುಗಳಿಗೆ ಹೇಳಿದ್ದ. ಮನೆಯ ಪೀಠೋಪಕರಣ ಮಾರಿದ್ದ. ಒಂದರ ಮೇಲೊಂದು ಹೇಳಿಕೆ ಬದಲಿಸಿದ್ದ. ನಾವು ನೀವು ಆ ಕುರ್ಚಿಯಲ್ಲಿ ಕುಳಿತಿದ್ದರೆ ಬೇರೆ ತೀರ್ಪು ಕೊಡುತ್ತಿದ್ದೆವೆಂದು ಎದೆ ತಟ್ಟಿ ಹೇಳಬಹುದೇ? ಸುಳ್ಳುಗಾರನ ಹತ್ತು ಮಾತುಗಳಲ್ಲಿ ಒಂಬತ್ತನ್ನು ತಳ್ಳಿಹಾಕುವ ನಾವು, ಹತ್ತನೆಯದು ಅವನಿಗೇ ವಿರುದ್ಧವಾಗಿದ್ದರೆ ಅದನ್ನು ಮಾತ್ರ ಸತ್ಯವೆನ್ನುತ್ತೇವೆ. ಅವನು ಸುಳ್ಳುಗಾರನಾಗಿದ್ದರೆ ಆ ಹತ್ತನೆಯದನ್ನೂ ಅದೇ ಬಾಯಿಯೇ ಅಲ್ಲವೇ ಹೇಳಿದ್ದು?

1953ರ ಮಾರ್ಚ್‌ನಲ್ಲಿ ಕ್ರಿಸ್ಟಿ ಮನೆ ಬಿಟ್ಟು ಹೋದ. ಮೇಲಂತಸ್ತಿನ ಬಾಡಿಗೆದಾರ ಅಡುಗೆ ಕೋಣೆಯ ಗೋಡೆಯಲ್ಲಿ ಏನನ್ನೋ ಸರಿಪಡಿಸಲು ಹೊರಟಾಗ ಅದರ ಹಿಂದೆ ಮೂವರು ಮಹಿಳೆಯರ ಹೆಣಗಳು ಕಂಡವು. ನೆಲದ ಹಲಗೆಗಳಡಿ ಕ್ರಿಸ್ಟಿಯ ಹೆಂಡತಿಯ ಹೆಣವಿತ್ತು. ತೋಟದಲ್ಲಿ ಇನ್ನಿಬ್ಬರ ಮೂಳೆಗಳು. ಆ ಇಬ್ಬರು 1943 ಮತ್ತು 1944ರಲ್ಲಿ, ಅಂದರೆ ಎವಾನ್ಸ್ ಆ ಮನೆಗೆ ಕಾಲಿಡುವ ಮೊದಲೇ ಸತ್ತವರು. ಎವಾನ್ಸ್‌ನ ಹೆಂಡತಿ ಮಗುವಿನ ಹೆಣ ಹುಡುಕಲು ಪೊಲೀಸರು ಬಂದಾಗಲೂ ಆ ಮೂಳೆಗಳು ಅದೇ ತೋಟದಲ್ಲಿದ್ದವು. ಒಂದು ತೊಡೆಯ ಮೂಳೆಯನ್ನು ಕ್ರಿಸ್ಟಿ ಬೇಲಿಗೆ ಆನಿಸಿ ನಿಲ್ಲಿಸಿದ್ದ. ಯಾರೂ ನೋಡಲಿಲ್ಲ. ಒಪ್ಪಿಕೊಳ್ಳುವವನೊಬ್ಬ ಕೈಯಲ್ಲಿದ್ದಾಗ ಬೇಲಿಯನ್ನು ಯಾರು ನೋಡುತ್ತಾರೆ?

ಬೆರಿಲ್‌ಳನ್ನು ಕೊಂದದ್ದಾಗಿ ಕ್ರಿಸ್ಟಿ ಹೇಳಿದ, ಮಗುವನ್ನು ಕೊಂದದ್ದನ್ನು ಒಪ್ಪಲಿಲ್ಲ. 1953ರ ಜುಲೈಯಲ್ಲಿ ಅವನನ್ನೂ ನೇಣಿಗೆ ಹಾಕಿದರು. ಅದೇ ವರ್ಷ ಸರಕಾರ ನಡೆಸಿದ ತನಿಖೆಯೊಂದು ಎವಾನ್ಸನೇ ಅಪರಾಧಿ ಎಂದಿತು. ಒಂದೇ ಮನೆಯಲ್ಲಿ, ಒಂದೇ ಬಗೆಯಲ್ಲಿ ಕತ್ತು ಬಿಗಿದು ಕೊಲ್ಲುವ ಇಬ್ಬರು ಕೊಲೆಗಾರರು, ಒಬ್ಬರಿಗೊಬ್ಬರು ಅರಿವಿಲ್ಲದೆ ವಾಸವಾಗಿದ್ದರು ಎಂದು ನಂಬುವುದು, ತಾವು ನಿರಪರಾಧಿಯನ್ನು ಕೊಂದೆವೆಂದು ನಂಬುವುದಕ್ಕಿಂತ ಸುಲಭವಾಗಿತ್ತು ಅಂತ ಕಾಣುತ್ತದೆ. 1966ರಲ್ಲಿ ನ್ಯಾಯಮೂರ್ತಿ ಬ್ರಾಬಿನ್ ಅವರ ತನಿಖೆ, ಎವಾನ್ಸ್ ಮಗಳನ್ನು ಕೊಂದಿರಲಾರ, ಆದರೆ ಹೆಂಡತಿಯನ್ನು ಕೊಂದಿರುವ ಸಾಧ್ಯತೆಯೇ ಹೆಚ್ಚು ಎಂಬ ವಿಚಿತ್ರ ನಿರ್ಣಯಕ್ಕೆ ಬಂತು. ಅವನು ನೇಣಿಗೇರಿದ್ದು ಮಗಳಿಗಾಗಿಯಾದ್ದರಿಂದ ಆ ವರ್ಷ ರಾಣಿಯ ಕ್ಷಮಾದಾನ ಸಿಕ್ಕಿತು. ಮಾಡದ ತಪ್ಪಿಗೆ ಕ್ಷಮೆ, ಅದೂ ಸತ್ತ ಹದಿನಾರು ವರ್ಷಗಳ ಬಳಿಕ. ಬ್ರಿಟನ್ನಿನಲ್ಲಿ ಮರಣದಂಡನೆ ರದ್ದಾಗುವುದರ ಹಿಂದೆ ಈ ಪ್ರಕರಣದ ನೆರಳು ದೊಡ್ಡದಾಗಿಯೇ ಇತ್ತು.

ಎವಾನ್ಸ್‌ಗೆ ಯಾರಾದರೂ ಹೊಡೆದರೇ? ಹೊಡೆದರೆಂಬುದಕ್ಕೆ ಪುರಾವೆಯಿಲ್ಲ. ನನ್ನನ್ನು ಹೆಚ್ಚು ಅಂಜಿಸುವುದು ಅದೇ. ಸುಳ್ಳು ತಪ್ಪೊಪ್ಪಿಗೆ ಎಂದೊಡನೆ ನಮ್ಮ ಕಣ್ಣ ಮುಂದೆ ಲಾಠಿ ಬರುತ್ತದೆ. ಲಾಠಿಯಿಲ್ಲದಿದ್ದರೆ ಮಾತು ನಿಜವಿರಬೇಕು ಎಂದುಕೊಳ್ಳುತ್ತೇವೆ. ಆದರೆ ಮನುಷ್ಯನ ಬಾಯಿ ತೆರೆಸಲು ಇನ್ನೂ ಸಣ್ಣ ಉಪಕರಣಗಳಿವೆ. ದಣಿವು ಸಾಕು. ದುಃಖ ಸಾಕು. ತನ್ನನ್ನು ಯಾರೂ ನಂಬುವುದಿಲ್ಲ ಎಂಬ ಖಾತ್ರಿಯೊಂದೇ ಸಾಕು.

ಈ ಕೊನೆಯದರ ಬಗ್ಗೆ ಒಂದು ಹಳೆಯ ಪ್ರಸಂಗವಿದೆ. ಕ್ರಿ.ಶ. 1350ರಲ್ಲಿ ತೀರಿಕೊಂಡ ಡಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಖಯ್ಯಿಮ್, ನ್ಯಾಯಾಧೀಶರು ಸಾಕ್ಷ್ಯವನ್ನು ಹೇಗೆ ತೂಗಬೇಕು ಎಂಬ ಬಗ್ಗೆ ‘ಅತ್ತುರುಖುಲ್ ಹುಕ್ಮಿಯ್ಯ’ ಎಂಬ ಗ್ರಂಥ ಬರೆದರು. ಹಝ್ರತ್ ಅಲಿ(ರ) ಅವರ ಮುಂದೆ ಬಂದ ಒಂದು ಕೊಲೆ ಮೊಕದ್ದಮೆಯನ್ನು ಅವರು ಅದರಲ್ಲಿ ಉಲ್ಲೇಖಿಸುತ್ತಾರೆ. ಪಾಳುಬಿದ್ದ ಜಾಗವೊಂದರಲ್ಲಿ ಒಬ್ಬನ ಹೆಣ ರಕ್ತದಲ್ಲಿ ಬಿದ್ದಿತ್ತು. ಪಕ್ಕದಲ್ಲಿ ರಕ್ತ ಸುರಿಯುವ ಚೂರಿ ಹಿಡಿದು ಒಬ್ಬ ನಿಂತಿದ್ದ. ಜನ ಹಿಡಿದು ತಂದರು. ಕೇಳಿದಾಗ, ನಾನೇ ಕೊಂದೆ ಎಂದ. ಶಿಕ್ಷೆಗೆ ಕರೆದೊಯ್ಯುತ್ತಿದ್ದಾಗ ಇನ್ನೊಬ್ಬ ಓಡೋಡಿ ಬಂದು, ಆತುರಪಡಬೇಡಿ, ಕೊಂದವನು ನಾನು ಎಂದ. ಅಲಿ(ರ) ಮೊದಲಿನವನನ್ನು ಕೇಳಿದರು, ಹಾಗಾದರೆ ನೀನೇಕೆ ಒಪ್ಪಿಕೊಂಡೆ? ಅವನು ಕಸಾಯಿ. ಆಗಷ್ಟೇ ದನ ಕೊಯ್ದಿದ್ದ. ಮೂತ್ರಶಂಕೆಗೆಂದು ಚೂರಿ ಕೈಯಲ್ಲಿರುವಂತೆಯೇ ಆ ಪಾಳು ಜಾಗಕ್ಕೆ ಹೋಗಿದ್ದ. ಹೆಣ ಕಂಡು ದಿಗ್ಭ್ರಮೆಯಿಂದ ನಿಂತಾಗಲೇ ಜನ ಬಂದರು. ರಕ್ತದ ಚೂರಿ ಕೈಯಲ್ಲಿ, ಹೆಣ ಕಾಲ ಬುಡದಲ್ಲಿ. ಅಷ್ಟು ಜನ ಸಾಕ್ಷಿ ಹೇಳುವಾಗ ನಾನು ಅಲ್ಲವೆಂದರೆ ನೀವು ನನ್ನನ್ನು ನಂಬುತ್ತಿರಲಿಲ್ಲ, ಆದ್ದರಿಂದ ಒಪ್ಪಿಕೊಂಡೆ ಎಂದ. ಕೊನೆಗೆ ಹಸನ್(ರ) ಅವರ ಅಭಿಪ್ರಾಯ ಕೇಳಿ ಇಬ್ಬರನ್ನೂ ಬಿಡಲಾಯಿತು. ಓಡಿ ಬಂದವನು ಒಂದು ಜೀವ ತೆಗೆದಿದ್ದರೂ ಇನ್ನೊಂದು ಜೀವ ಉಳಿಸಿದ್ದಾನೆ ಎಂಬುದು ಹಸನ್(ರ) ಅವರ ವಾದ. ಸತ್ತವನ ವಾರಸುದಾರರಿಗೆ ರಕ್ತಪರಿಹಾರವನ್ನು ಬೈತುಲ್ ಮಾಲ್‌ನಿಂದ, ಅಂದರೆ ಸಾರ್ವಜನಿಕ ಖಜಾನೆಯಿಂದ ಕೊಡಲಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಗಾದೆಯಿದೆ. ಆ ಜನ ಪ್ರತ್ಯಕ್ಷ ಕಂಡಿದ್ದರು. ಚೂರಿಯೂ ಇತ್ತು, ರಕ್ತವೂ ಇತ್ತು, ಒಪ್ಪಿಗೆಯೂ ಇತ್ತು. ಇದಕ್ಕಿಂತ ಬಲವಾದ ಮೊಕದ್ದಮೆಯನ್ನು ಇಂದಿನ ಯಾವ ಸರಕಾರಿ ವಕೀಲರೂ ಬಯಸಲಾರರು. ಆದರೆ ಆ ಕಸಾಯಿಯ ಒಪ್ಪಿಗೆ ಕೊಲೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದದ್ದು ಕೇಳುವವರ ಬಗ್ಗೆ. ನನ್ನ ಮುಂದೆ ಕುಳಿತವರು ನನ್ನನ್ನು ನಂಬುವವರಲ್ಲ ಎಂಬ ಅವನ ಅಂದಾಜನ್ನು ಅದು ಹೇಳುತ್ತಿತ್ತು. ಒಬ್ಬ ಆರೋಪಿಯ ತಪ್ಪೊಪ್ಪಿಗೆಯನ್ನು ತೂಗಬೇಕಾದರೆ ಅದನ್ನು ಹೇಳಿದ ಕೋಣೆಯನ್ನೂ ತೂಗಬೇಕು. ಎಷ್ಟು ಹೊತ್ತು ಕೂರಿಸಿದ್ದರು, ಯಾರು ಯಾರಿದ್ದರು, ಬಾಗಿಲು ಯಾವ ಕಡೆಯಿಂದ ಹಾಕಿತ್ತು, ಹೊರಗೆ ಅವನಿಗಾಗಿ ಯಾರಾದರೂ ಕಾಯುತ್ತಿದ್ದರೇ, ಇಲ್ಲವೆಂದಿದ್ದರೆ ನಂಬುವವರು ಒಬ್ಬರಾದರೂ ಇದ್ದರೇ? ಬಡವನಿಗೆ, ಬುಡಕಟ್ಟಿನವನಿಗೆ, ಹೆಸರು ಕೇಳಿದೊಡನೆ ಹುಬ್ಬೇರುವ ಸಮುದಾಯದವನಿಗೆ ಈ ಕೊನೆಯ ಪ್ರಶ್ನೆಯ ಉತ್ತರ ಮೊದಲೇ ಗೊತ್ತಿರುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಮಗಿಂತ ಹೆಚ್ಚು ಸಂಶಯಿ ಎಂಬುದು ಆಶ್ಚರ್ಯದ ಸಂಗತಿ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತೆಯೇ ಇಲ್ಲ ಎಂದಿತು. ಬ್ರಿಟಿಷರು ತಮ್ಮ ಊರಿನ ಪೊಲೀಸರ ಬಗ್ಗೆ ಇಂಥ ನಿಯಮ ಮಾಡಿಕೊಳ್ಳಲಿಲ್ಲ, ಎವಾನ್ಸ್‌ನ ಹೇಳಿಕೆ ನೇರವಾಗಿ ನ್ಯಾಯಾಲಯಕ್ಕೆ ಹೋಯಿತು. ಇಲ್ಲಿನ ಠಾಣೆಗಳಲ್ಲಿ ಏನು ನಡೆಯುತ್ತದೆಂಬುದು ಅವರಿಗೆ ಗೊತ್ತಿತ್ತು. ಈ ಅಧಿನಿಯಮವನ್ನು ರಚಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಮುಂದೆ ಬರೆದ ಗ್ರಂಥದಲ್ಲಿ, ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕುಳಿತು ಬಡಪಾಯಿಯೊಬ್ಬನ ಕಣ್ಣಿಗೆ ಮೆಣಸಿನಪುಡಿ ಹಚ್ಚುವುದು ಸುಖಕರ ಎಂಬರ್ಥದ ಮಾತು ಬರುತ್ತದೆ. 2024ರ ಜುಲೈ 1ರಿಂದ ಆ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಲಂ ಸಂಖ್ಯೆ 23 ಆಗಿದೆಯೇ ಹೊರತು ಸಂಶಯ ಹಾಗೆಯೇ ಉಳಿದಿದೆ.

ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಅದು ಸಾಕ್ಷ್ಯವಾಗುತ್ತದೆ. ಆದರೆ ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ಅವರು ಮೊದಲೇ ಎಚ್ಚರಿಸಬೇಕು. ಹೇಳುವುದಿಲ್ಲ ಎಂದವನನ್ನು ಮತ್ತೆ ಪೊಲೀಸರ ವಶಕ್ಕೆ ಕೊಡುವಂತಿಲ್ಲ. ಇನ್ನೊಂದು ಕಿಂಡಿ ಹಳೆಯ 27ನೇ ಕಲಂ. ಆರೋಪಿಯ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಒಪ್ಪಬಹುದು. ‘ಇವನನ್ನು ಇರಿದ ಚೂರಿಯನ್ನು ನನ್ನ ಮನೆಯ ಮಾಡಿನಲ್ಲಿ ಅಡಗಿಸಿದ್ದೇನೆ’ ಎಂದರೆ, ಅಡಗಿಸಿದ್ದು ಸಾಕ್ಷ್ಯ, ಇರಿದದ್ದು ಸಾಕ್ಷ್ಯವಲ್ಲ. 1946ರಲ್ಲೇ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಈ ಗೆರೆ ಎಳೆದಿದೆ. ಈ ಕಲಮಿನ ಹಿಂದಿರುವ ವಿವೇಕ ದೊಡ್ಡದು. ಮಾತು ಹೊಸದನ್ನು ತಂದುಕೊಟ್ಟರೆ ಮಾತ್ರ ಅದಕ್ಕೆ ಬೆಲೆ. ಎವಾನ್ಸ್‌ನ ಕೊನೆಯ ಹೇಳಿಕೆ ಈ ಪರೀಕ್ಷೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಮಹಜರಿಗೆ ಸಹಿ ಹಾಕುವ ಪಂಚರು ಯಾವಾಗಲೂ ಠಾಣೆಯ ಅಕ್ಕಪಕ್ಕದಲ್ಲೇ ಸಿಗುವ ನಾಡಿನಲ್ಲಿ ಚೂರಿ ಮೊದಲು ಸಿಕ್ಕಿತೋ ಹೇಳಿಕೆ ಮೊದಲು ಬಂತೋ ಎಂಬುದು ಬೇರೆ ಮಾತು.

ಕಾನೂನು ಹಾಕಿದ ಈ ಬೇಲಿಯನ್ನು ಭಯದ ಕಾಲದಲ್ಲಿ ನಾವೇ ಕಿತ್ತಿದ್ದೂ ಇದೆ. ಟಾಡಾ, ಆಮೇಲೆ ಪೋಟಾ, ಇವೆರಡೂ ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿದವು. ನಮ್ಮ ರಾಜ್ಯದ 2000ನೇ ಇಸವಿಯ ಕೋಕಾ ಕಾಯ್ದೆಯಲ್ಲೂ ಅಂಥ ಅವಕಾಶವಿದೆ. ಅದರ ಫಲ ಏನೆಂಬುದಕ್ಕೆ ಅಕ್ಷರಧಾಮ ಪ್ರಕರಣವನ್ನು ನೋಡಬೇಕು. 2002ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಆ ಮಂದಿರದಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಹತ್ಯೆಯಾಯಿತು. ದೇವರ ದರ್ಶನಕ್ಕೆ ಬಂದ ಅಮಾಯಕರು. ಸುಮಾರು ಒಂದು ವರ್ಷದ ನಂತರ ಕೆಲವರ ಬಂಧನವಾಯಿತು. ತಪ್ಪೊಪ್ಪಿಗೆಗಳು ದಾಖಲಾದವು, ಆಮೇಲೆ ಅವರು ಅದನ್ನು ನಿರಾಕರಿಸಿದರು. 2006ರಲ್ಲಿ ಪೋಟಾ ನ್ಯಾಯಾಲಯ ಆರು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, ಮೂವರಿಗೆ ಮರಣದಂಡನೆ ವಿಧಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

2014ರ ಮೇ 16ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರ ಪೀಠ ಆರೂ ಮಂದಿಯನ್ನು ಬಿಡುಗಡೆ ಮಾಡಿತು. ತಪ್ಪೊಪ್ಪಿಗೆಗಳು ಒಂದಕ್ಕೊಂದು ಹೊಂದಿಕೆಯಾಗುತ್ತಿರಲಿಲ್ಲ. ಯೋಚಿಸಲು ಆರೋಪಿಗಳಿಗೆ ಕೊಟ್ಟದ್ದು ಕೆಲವೇ ನಿಮಿಷ. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತ ದಾಳಿಕೋರರ ಜೇಬಿನಲ್ಲಿ ಸಿಕ್ಕಿದವೆಂದು ಹೇಳಲಾದ ಎರಡು ಉರ್ದು ಪತ್ರಗಳಿದ್ದವು. ದಾಳಿಕೋರರ ಮೈ ಬಟ್ಟೆಗಳು ಗುಂಡಿನಿಂದ ಛಿದ್ರವಾಗಿ ರಕ್ತದಲ್ಲಿ ತೊಯ್ದಿದ್ದವು. ಪತ್ರಗಳಲ್ಲಿ ಒಂದು ಹನಿ ರಕ್ತವಿಲ್ಲ, ಒಂದು ತೂತಿಲ್ಲ, ಮಡಿಕೆ ಸುಕ್ಕೂ ಇಲ್ಲ. ಆ ಪತ್ರಗಳನ್ನು ಬರೆದೆನೆಂದು ಒಬ್ಬ ‘ಒಪ್ಪಿಕೊಂಡಿದ್ದ’. ಕಾಗದ ಸುಳ್ಳು ಹೇಳಲು ಕಲಿತಿರಲಿಲ್ಲ, ಅಷ್ಟೇ. ಅದು ಕೆಳಗಿನ ನ್ಯಾಯಾಲಯಗಳ ಮೇಜಿನ ಮೇಲೂ ಇತ್ತು. ತಪ್ಪೊಪ್ಪಿಗೆಯನ್ನು ಮೊದಲು ಓದಿದ ಕಣ್ಣಿಗೆ ಪತ್ರದ ಬಿಳುಪು ಕಾಣಲಿಲ್ಲ.

ಹಾಗಾದರೆ ಓದುವ ಕ್ರಮವನ್ನೇ ಬದಲಿಸಬಾರದೇಕೆ? 1952ರಲ್ಲಿ ಕಶ್ಮೀರಾ ಸಿಂಗ್ ಎಂಬವರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಮವನ್ನು ಹೇಳಿದೆ. ಅಲ್ಲಿನ ಪ್ರಶ್ನೆ, ಸಹ ಆರೋಪಿಯೊಬ್ಬನ ತಪ್ಪೊಪ್ಪಿಗೆಯನ್ನು ಇನ್ನೊಬ್ಬನ ವಿರುದ್ಧ ಹೇಗೆ ಬಳಸಬೇಕೆಂಬುದು. ಮೊದಲು ತಪ್ಪೊಪ್ಪಿಗೆಯನ್ನು ಪೂರ್ತಿಯಾಗಿ ಬದಿಗಿಟ್ಟು ಉಳಿದ ಸಾಕ್ಷ್ಯವನ್ನು ತೂಗಿ. ಅದರಿಂದಲೇ ಅಪರಾಧ ಸಾಬೀತಾಗುವಂತಿದ್ದರೆ, ಮನಸ್ಸಿನ ಭರವಸೆಗಾಗಿ ಮಾತ್ರ ತಪ್ಪೊಪ್ಪಿಗೆಯ ಕಡೆ ನೋಡಿ. ಸಹ ಆರೋಪಿಯ ಮಾತಿಗೆ ಹೇಳಿದ ಈ ಕ್ರಮ ಆರೋಪಿಯ ಸ್ವಂತ ಮಾತಿಗೂ ಸಲ್ಲಬೇಕೆಂಬುದು ಕಾನೂನಲ್ಲ, ನನ್ನ ಅನಿಸಿಕೆ. ಕೊನೆಗೆ ಓದಬೇಕಾದ ಪುಟವನ್ನು ಮೊದಲು ಓದಿದರೆ ಕಥೆಯ ಉಳಿದ ಪುಟಗಳೆಲ್ಲ ಅದಕ್ಕೆ ತಕ್ಕಂತೆಯೇ ಕಾಣುತ್ತವೆ.

ಇದನ್ನೆಲ್ಲ ಬರೆಯುವ ನಾನೂ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. 2017ರ ಸೆಪ್ಟೆಂಬರ್‌ನಲ್ಲಿ ಹರ್ಯಾಣದ ಗುರುಗ್ರಾಮದ ಖಾಸಗಿ ಶಾಲೆಯ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕತ್ತು ಕೊಯ್ದು ಕೊಲ್ಲಲಾಯಿತು. ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನ ಬಂಧನವಾಯಿತು. ಅವನು ಟಿವಿ ಕ್ಯಾಮರಾಗಳ ಮುಂದೆಯೇ ತಪ್ಪೊಪ್ಪಿಕೊಂಡ. ಅದನ್ನು ನೋಡುತ್ತಾ ನಾನು ಮನೆಯಲ್ಲಿ ಏನು ಹೇಳಿದೆನೆಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಎರಡು ತಿಂಗಳ ಬಳಿಕ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ತೆಗೆದುಕೊಂಡಿತು. 2018ರಲ್ಲಿ ನ್ಯಾಯಾಲಯ ಕಂಡಕ್ಟರನನ್ನು ಆರೋಪಮುಕ್ತಗೊಳಿಸಿತು. ಸಾಕ್ಷ್ಯ ಸೃಷ್ಟಿಸಿ ಅವನನ್ನು ಸಿಕ್ಕಿಸಿದ ಆರೋಪದಲ್ಲಿ ಸಿಬಿಐ ಮುಂದೆ ಪೊಲೀಸ್ ಅಧಿಕಾರಿಗಳ ಮೇಲೆಯೇ ಆರೋಪಪಟ್ಟಿ ಹಾಕಿತು. ನನಗೆ ನಿಜವಾಗಿ ಬುದ್ಧಿ ಬಂದದ್ದು ಇನ್ನೊಂದು ಕಾರಣಕ್ಕೆ. ವಿದ್ಯಾರ್ಥಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಸಿಬಿಐ ಹೇಳಿದಾಗ, ಹೌದಾ, ಹಾಗಾದರೆ ಇವನೇ ಎಂದುಕೊಂಡುಬಿಟ್ಟೆ. ಆ ಹುಡುಗನೂ ಬಲವಂತದಿಂದ ಹೇಳಿಸಿದರೆಂದು ಆಮೇಲೆ ದೂರಿದನೆಂಬ ವರದಿ ಬಂದಾಗಲಷ್ಟೇ, ಮೊದಲನೆಯ ತಪ್ಪೊಪ್ಪಿಗೆಯನ್ನು ನಂಬಿ ಮೋಸಹೋದ ನಾನು ಎರಡನೆಯದನ್ನೂ ಅದೇ ಸರಾಗದಲ್ಲಿ ನಂಬಿದ್ದೆನೆಂದು ಹೊಳೆಯಿತು. ಅವನು ಮಾಡಿದ್ದಾನೋ ಇಲ್ಲವೋ ಎಂಬುದು ನನ್ನ ಅಂಗಳದ ವಿಷಯವೇ ಅಲ್ಲ. ಆದರೆ ನನಗೆ ಬೇಕಾಗಿದ್ದದ್ದು ಸತ್ಯವಲ್ಲ, ಒಂದು ಮುಖ. ಒಂದು ಮಗು ಹಾಗೆ ಸತ್ತಾಗ ಹೃದಯ ಕೊಲೆಗಾರನಿಗಾಗಿ ಹಸಿದಿರುತ್ತದೆ. ತಪ್ಪೊಪ್ಪಿಗೆ ಆ ಹಸಿವಿಗೆ ಅನ್ನ.

ಇದಕ್ಕೆ ಎದುರಾಗಿ ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ನಿಜವಾಗಿಯೂ ಕೊಂದವನು, ಪಶ್ಚಾತ್ತಾಪದಿಂದ ಒಪ್ಪಿಕೊಂಡವನು, ಮರುದಿನ ವಕೀಲರ ಮಾತು ಕೇಳಿ ಅಲ್ಲಗಳೆದರೆ? ಸತ್ತವನ ತಾಯಿಗೆ ಏನು ಉತ್ತರ? ಇಸ್ಲಾಮೀ ಧರ್ಮಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡಿರಲಿಲ್ಲ. ಮಾಇಝ್ ಎಂಬವರು ತಮ್ಮ ವ್ಯಭಿಚಾರವನ್ನು ತಾವಾಗಿ ಬಂದು ಒಪ್ಪಿಕೊಂಡಾಗ ಪ್ರವಾದಿ(ಸ) ಅವರು ಮತ್ತೆ ಮತ್ತೆ ಮುಖ ತಿರುಗಿಸಿದರು, ಇವನಿಗೆ ಬುದ್ಧಿ ಸರಿಯಿದೆಯೇ, ಕುಡಿದಿದ್ದಾನೆಯೇ ಎಂದು ವಿಚಾರಿಸಿದರು. ಅಂಥ ಪ್ರಕರಣಗಳಲ್ಲಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಶಾಸ್ತ್ರಜ್ಞರು ಅವ

ಕಾಶ ಕೊಟ್ಟರು. ಆದರೆ ಕೊಲೆಯ ವಿಷಯದಲ್ಲಿ ಕೊಡಲಿಲ್ಲ. ಅಲ್ಲಿ ಇನ್ನೊಬ್ಬರ ಹಕ್ಕಿದೆ, ಸತ್ತವನ ಮನೆಯವರದು. ಒಪ್ಪಿಕೊಂಡವನು ಮನಸ್ಸು ಬದಲಿಸಿದನೆಂದು ಆ ಹಕ್ಕು ಅಳಿದುಹೋಗುವುದಿಲ್ಲ ಎಂಬುದು ಅವರ ನಿಲುವು. ನಾನು ಈ ವಾದವನ್ನು ಗೌರವಿಸುತ್ತೇನೆ. ಎಲ್ಲ ತಪ್ಪೊಪ್ಪಿಗೆಗಳೂ ಸುಳ್ಳು ಎನ್ನುವವನು ಎಲ್ಲವೂ ಸತ್ಯ ಎನ್ನುವವನಷ್ಟೇ ಸೋಮಾರಿ.

ಆದರೆ ಆ ತಾಯಿಯ ಹೆಸರಿನಲ್ಲೇ ಮತ್ತೊಮ್ಮೆ ಯೋಚಿಸೋಣ. ಆಕೆಗೆ ಬೇಕಾದದ್ದು ಯಾರೋ ಒಬ್ಬನ ಶಿಕ್ಷೆಯಲ್ಲ, ಕೊಂದವನ ಶಿಕ್ಷೆ. ಎವಾನ್ಸ್ ನೇಣಿಗೇರಿದ ಮೇಲೆ ಬೆರಿಲ್‌ಳ ಮನೆಯವರಿಗೆ ನ್ಯಾಯ ಸಿಕ್ಕಿತೆಂದು ಎಲ್ಲರೂ ತಿಳಿದರು. ಕಡತ ಮುಚ್ಚಿತು. ಕ್ರಿಸ್ಟಿ ಅದೇ ಮನೆಯಲ್ಲಿ ಉಳಿದ. ಮುಂದಿನ ಮೂರು ವರ್ಷಗಳಲ್ಲಿ ಅವನು ಕೊಂದದ್ದು ನಾಲ್ವರು ಹೆಂಗಸರನ್ನು, ಅವರಲ್ಲಿ ಒಬ್ಬಳು ಅವನ ಹೆಂಡತಿ. ಎವಾನ್ಸ್‌ನ ಆ ಒಂದು ರಾತ್ರಿಯ ಹೇಳಿಕೆಯನ್ನು ಸರಿಯಾಗಿ ತೂಗಿದ್ದರೆ ಬಹುಶಃ ಬದುಕಿರಬಹುದಾಗಿದ್ದ ನಾಲ್ವರು.

ಪಿರಿಯಾಪಟ್ಟಣದ ಕಡೆ ಸಿಕ್ಕಿದ ಆ ಅಸ್ಥಿಪಂಜರಕ್ಕೆ ಮರಳುತ್ತೇನೆ. ಹೆಂಡತಿ ಬದುಕಿದ್ದಾಳೆ, ಗಂಡ ಬಿಡುಗಡೆಯಾಗಿದ್ದಾನೆ, ಪರಿಹಾರದ ಆದೇಶವಾಗಿದೆ. ಸುದ್ದಿ ಅಲ್ಲಿಗೆ ಮುಗಿಯಿತು. ಆದರೆ ಆ ಮೂಳೆಗಳು ಒಬ್ಬ ಮನುಷ್ಯನವು. ವರ್ಷಗಟ್ಟಲೆ ಅವು ಬೇರೆಯವರ ಹೆಸರಿನಲ್ಲಿ ನ್ಯಾಯಾಲಯದ ಕಡತದಲ್ಲಿದ್ದವು. ಅಷ್ಟು ಕಾಲ ಎಲ್ಲೋ ಒಂದು ಮನೆಯಲ್ಲಿ, ಕಾಣೆಯಾದ ಯಾರಿಗೋ ಇನ್ನೊಬ್ಬರು ಕಾಯುತ್ತಾ ಕುಳಿತಿದ್ದರು.